ಹಿಡಿಯ ತುದಿ ಚಪ್ಪಟೆಯಾಗಿರುವ ಹಳೆಯ ಮಡಚುವ ಚಾಕು: ಗುರುತಿಸಲು ನೆರವು ಬೇಕು

ಪ್ರಶ್ನೆ (ಮೈಸೂರು, ಕುವೆಂಪುನಗರದಿಂದ)

ಮಾನ್ಯರೆ,

ಪಾಂಡವಪುರದ ಕಡೆಯ ನಮ್ಮ ತಾಯಿಯ ತವರುಮನೆಯ ಟ್ರಂಕಿನಲ್ಲಿ ದೊರೆತ ಒಂದು ಮಡಚುವ ಚಾಕು ಯಾವ ಕೆಲಸಕ್ಕಾಗಿ ತಯಾರಾದದ್ದು, ಎಲ್ಲಿಯದು, ಎಷ್ಟು ಹಳೆಯದು ಎಂಬುದನ್ನು ತಿಳಿಯಲು ತಮ್ಮೆಲ್ಲರ ನೆರವನ್ನು ಕೋರುತ್ತಿದ್ದೇನೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಅಕ್ಷರಗಳು ಸರಿಯಾಗಿ ಮೂಡದ ಕಾರಣ, ಕಣ್ಣಿಗೆ ಕಂಡದ್ದನ್ನು ಮಾತಿನಲ್ಲೇ ಆದಷ್ಟು ವಿವರವಾಗಿ ಹೇಳುತ್ತೇನೆ.

ಮಡಚಿದಾಗ ಚಾಕುವಿನ ಉದ್ದ ಸುಮಾರು 10 ಸೆಂ.ಮೀ. ಇದೆ. ಅಲಗು ಒಂದೇ ಇದ್ದು, ಅದರ ಉದ್ದ ಐದೂವರೆ ಸೆಂ.ಮೀ. ಇರಬಹುದು. ಅಲಗಿನ ಬಾಯಿ ನೇರವಾಗಿದೆ. ತುದಿ ಚೂಪಾಗಿರದೆ ಸ್ವಲ್ಪ ದುಂಡಗಾಗಿದೆ. ಅಲಗಿನ ಒಂದು ಬದಿ ಪೂರ್ತಿ ಚಪ್ಪಟೆಯಾಗಿದ್ದು, ಇನ್ನೊಂದು ಬದಿಯನ್ನು ಮಾತ್ರ ಇಳಿಜಾರಾಗಿ ಮಸೆದಂತೆ ಕಾಣುತ್ತದೆ. ಬೆನ್ನಿನ ಹತ್ತಿರ ಉಗುರು ಸಿಕ್ಕಿಸಿ ತೆರೆಯಲು ಒಂದು ಗೀರು ಇದೆ. ತೆರೆದ ಮೇಲೆ ಅಲಗನ್ನು ಹಿಡಿದು ನಿಲ್ಲಿಸುವ ಗುಂಡಿಯಾಗಲಿ ಬೀಗವಾಗಲಿ ಇಲ್ಲ. ಹಿಂಬದಿಯ ಸ್ಪ್ರಿಂಗಿನ ಬಿಗಿಯೇ ಅದನ್ನು ನಿಲ್ಲಿಸುತ್ತದೆ, ಮುಚ್ಚುವಾಗ ಈಗಲೂ ಟಕ್ ಎಂದು ಗಟ್ಟಿಯಾಗಿ ಕೂರುತ್ತದೆ.

ನನ್ನನ್ನು ಹೆಚ್ಚು ಕುತೂಹಲಕ್ಕೆ ಈಡುಮಾಡಿರುವುದು ಹಿಡಿ. ಅದು ಹಳದಿ ಮಿಶ್ರಿತ ಬಿಳಿಯ ಬಣ್ಣದ್ದು. ಅಲಗು ಕೂಡಿಕೊಳ್ಳುವ ಕಡೆಯಲ್ಲಿ ಬೆಳ್ಳಿಯಂತೆ ಕಾಣುವ ಲೋಹದ ಕಟ್ಟು ಇದೆ. ಇನ್ನೊಂದು ತುದಿ ಸಾಮಾನ್ಯ ಚಾಕುಗಳಂತೆ ದಪ್ಪವಾಗಿ ಮುಗಿಯದೆ, ಕ್ರಮೇಣ ತೆಳುವಾಗುತ್ತ ಹೋಗಿ, ನಾಲಗೆಯಂತೆ ಚಪ್ಪಟೆಯಾಗಿ, ದುಂಡಗಿನ ನಯವಾದ ಅಂಚಿನಲ್ಲಿ ಕೊನೆಯಾಗುತ್ತದೆ. ಈ ಭಾಗದಲ್ಲಿ ಕಬ್ಬಿಣವೂ ಇಲ್ಲ, ತಗಡೂ ಇಲ್ಲ. ಹಿಡಿಯ ಬಿಳಿಯ ವಸ್ತು ಮಾತ್ರ ಮುಂದಕ್ಕೆ ಚಾಚಿಕೊಂಡಿದೆ.

ಅಲಗಿನ ಬುಡದಲ್ಲಿ ಸವೆದ ಮುದ್ರೆಗಳಿವೆ. ಒಂದು ಬದಿಯಲ್ಲಿ ಕಿರೀಟ. ಅದರ ಎಡಬಲಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಎಡಗಡೆಯದು ಅಳಿಸಿಹೋಗಿದೆ, ಬಲಗಡೆಯದು ‘ಆರ್’. ಅದರ ಕೆಳಗೆ ‘ಕಟ್ಲರ್ಸ್ ಟು’ ಎಂದೂ, ‘ಎಚ್’ನಿಂದ ಆರಂಭವಾಗುವ ಮೂರಕ್ಷರದ ಒಂದು ಪದವೂ, ಬಳಿಕ ‘ಮೆಜೆಸ್ಟಿ’ ಎಂದೂ ಇದೆ. ಇನ್ನೊಂದು ಬದಿಯಲ್ಲಿ ನಕ್ಷತ್ರ, ಶಿಲುಬೆಯಂಥ ಒಂದು ಗುರುತು, ‘...ಜರ್ಸ್ ಅಂಡ್ ಸನ್ಸ್’ ಎಂದು ಮುಗಿಯುವ ಹೆಸರು, ‘ಷೆಫೀಲ್ಡ್’ ಮತ್ತು ‘ಇಂಗ್ಲೆಂಡ್’ ಎಂಬ ಪದಗಳಿವೆ.

ನಮ್ಮ ತಾತ ಊರಿನ ಶ್ಯಾನುಭೋಗರಾಗಿದ್ದರು. ಶ್ರೀರಂಗಪಟ್ಟಣ ಹತ್ತಿರವೇ ಇರುವುದರಿಂದ ಇದು ಟಿಪ್ಪುವಿನ ಕಾಲದ್ದಿರಬೇಕೆಂದು ನಮ್ಮ ಸೋದರಮಾವನವರು ನಂಬಿದ್ದಾರೆ. ಹಿಡಿ ಆನೆಯ ದಂತದ್ದೆಂದು ನೆರೆಯವರೊಬ್ಬರು ಹೇಳಿದರು. ದೇವರಾಜ ಮಾರುಕಟ್ಟೆಯ ಬಳಿ ಸಾಣೆ ಹಿಡಿಯುವವರೊಬ್ಬರು ಪಾಲಿಶ್ ಮಾಡಿ ಹೊಸದರಂತೆ ಮಾಡಿಕೊಡುವುದಾಗಿ ಹೇಳಿದರೂ, ತಿಳಿದವರನ್ನು ಕೇಳುವ ಮುನ್ನ ಅದನ್ನು ಮುಟ್ಟಿಸಲು ನನಗೆ ಮನಸ್ಸಾಗಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಡ್ಯದಿಂದ, ನಿವೃತ್ತ ಶಿಕ್ಷಕರು)

ತಾವು ಸಾಣೆಗೆ ಕೊಡದೆ ಉಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಇದು ಏನಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಅಷ್ಟರಿಂದಲೇ ಹುಡುಕಾಟದ ವ್ಯಾಪ್ತಿ ಕಿರಿದಾಗುತ್ತದೆ.

ಟಿಪ್ಪುವಿನ ಕಾಲದ್ದೆಂಬ ಮಾತನ್ನು ಗೌರವಪೂರ್ವಕವಾಗಿಯೇ ಬದಿಗಿಡಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಟ್ಟದ ಮೇಲೆ ಸಿಕ್ಕ ಲೋಹದ ವಸ್ತುವನ್ನೆಲ್ಲ ಆ ಕಾಲಕ್ಕೆ ಜೋಡಿಸುವ ವಾಡಿಕೆ ಇದೆ. ಮೈಸೂರು ಸೀಮೆಯ ಕುಲುಮೆಗಳಲ್ಲಿ ಮೂಸೆಯಲ್ಲಿ ಕರಗಿಸಿದ ಒಳ್ಳೆಯ ಉಕ್ಕು ತಯಾರಾಗುತ್ತಿದ್ದುದೂ, 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ವಿವರವಾಗಿ ಬರೆದಿಟ್ಟಿರುವುದೂ ನಿಜ. ಆದರೆ ಶ್ರೀರಂಗಪಟ್ಟಣ ಪತನವಾದದ್ದು 1799ರಲ್ಲಿ. ತಾವು ಹೇಳುವ ಬೆಳ್ಳಿಯಂಥ ಕಟ್ಟು ಬಹುಮಟ್ಟಿಗೆ ಜರ್ಮನ್ ಸಿಲ್ವರ್ ಆಗಿರುತ್ತದೆ. ತಾಮ್ರ, ಸತು, ನಿಕ್ಕಲ್ ಸೇರಿದ ಈ ಮಿಶ್ರಲೋಹವು ಯುರೋಪಿನಲ್ಲಿ ತಯಾರಾಗತೊಡಗಿದ್ದು 1820ರ ದಶಕದಲ್ಲಿ. ಅಲಗಿನ ಮೇಲೆ ಇಂಗ್ಲಿಷಿನ ಮುದ್ರೆಯಿರುವಾಗ ಬೇರೆ ಸಾಕ್ಷಿಯೂ ಬೇಕಿಲ್ಲ.

ಇದು ರಾಂಪುರಿಯೂ ಅಲ್ಲ. ಉತ್ತರ ಪ್ರದೇಶದ ರಾಂಪುರದಲ್ಲಿ ತಯಾರಾಗುವ ಆ ಚಾಕುಗಳ ಲಕ್ಷಣವೇ ಉದ್ದನೆಯ ಚೂಪು ಅಲಗು ಮತ್ತು ತೆರೆದಾಗ ಅದನ್ನು ಬಿಗಿಯಾಗಿ ನಿಲ್ಲಿಸುವ ಬೀಗ. ಸೈನ್ಯದ ಚಾಕು ಎನ್ನಲೂ ಆಧಾರವಿಲ್ಲ. ಬ್ರಿಟಿಷ್ ಸೇನೆಯ ಮಡಚುವ ಚಾಕುಗಳಲ್ಲಿ ಸಾಮಾನ್ಯವಾಗಿ ಹಗ್ಗದ ಗಂಟು ಬಿಡಿಸುವ ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ದಾರ ಕಟ್ಟಿ ನೇತುಹಾಕಲು ಒಂದು ಬಳೆ ಇರುತ್ತವೆ. ಸರ್ಕಾರದ ಸ್ವತ್ತೆಂದು ತೋರಿಸುವ ಬಾಣದ ಗುರುತನ್ನೂ ಒತ್ತಿರುತ್ತಾರೆ. ಮೈಸೂರಿನ ಲ್ಯಾನ್ಸರ್ಸ್ ಪಡೆ 1918ರಲ್ಲಿ ಹೈಫಾದವರೆಗೂ ಹೋಗಿ ಬಂದದ್ದರಿಂದ ಅಂಥ ಚಾಕುಗಳು ನಮ್ಮ ಕಡೆಯ ಮನೆಗಳಲ್ಲಿ ಇರಲಾರವೆಂದಲ್ಲ. ತಾವು ವಿವರಿಸಿದ ಚಾಕುವಿನಲ್ಲಿ ಮಾತ್ರ ಅವುಗಳ ಯಾವ ಲಕ್ಷಣವೂ ಇಲ್ಲ.

ತಾತನವರು ಶ್ಯಾನುಭೋಗರಾಗಿದ್ದರೆಂಬುದನ್ನು ಗಮನಿಸಿದರೆ, ಇದು ಬರವಣಿಗೆಯ ಕೆಲಸದ ಚಾಕು ಆಗಿದ್ದಿರಬಹುದೆಂದು ನನಗೆ ತೋರುತ್ತದೆ. ಲೇಖನಿ ಚೂಪುಮಾಡಲು, ಕಾಗದದ ಮೇಲಿನ ಶಾಯಿಯನ್ನು ಕೆರೆದು ತಿದ್ದಲು ಸಣ್ಣ ಅಲಗು ಬೇಕಾಗುತ್ತಿತ್ತು. ಕಾಗದವನ್ನು ಮಡಚಿ ಗೆರೆ ಒತ್ತಲು ಮೂಳೆಯ ಚಪ್ಪಟೆ ಪಟ್ಟಿಗಳನ್ನು ಬಳಸುತ್ತಿದ್ದರು. ಎರಡೂ ಕೆಲಸವನ್ನು ಒಂದೇ ಚಾಕುವಿನಲ್ಲಿ ಕೂಡಿಸಿರಬಹುದು.

ಉತ್ತರ 2 (ಶ್ರೀರಂಗಪಟ್ಟಣದಿಂದ, ಸಸಿತೋಟ ನಡೆಸುವವರು)

ಮಂಡ್ಯದ ಮೇಷ್ಟ್ರು ಬೇಡದ್ದನ್ನೆಲ್ಲ ಸರಿಯಾಗಿ ಕಳೆದಿದ್ದಾರೆ. ಕೊನೆಯ ತೀರ್ಮಾನದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಇದು ಕಸಿ ಕಟ್ಟುವ ಚಾಕು. ಅದರಲ್ಲಿಯೂ ಕಣ್ಣು ಕಸಿಗೆಂದೇ, ಅಂದರೆ ಒಂದು ಗಿಡದ ಚಿಗುರುವ ಮೊಗ್ಗನ್ನು ಇನ್ನೊಂದು ಗಿಡಕ್ಕೆ ಕೂರಿಸುವ ಕೆಲಸಕ್ಕೆಂದೇ, ತಯಾರಾದ ಚಾಕು. ಪ್ರತಿದಿನ ಇದೇ ಕೆಲಸ ಮಾಡುವ ನಮಗೆ, ಹಿಡಿಯ ತುದಿ ನಾಲಗೆಯಂತಿದೆ ಎಂದು ತಾವು ಬರೆದದ್ದನ್ನು ಓದಿದ ಕೂಡಲೇ ಅದು ಕಣ್ಣಿಗೆ ಕಟ್ಟಿತು.

ಕೆಲಸವನ್ನು ವಿವರಿಸಿದರೆ ಆಕಾರದ ಕಾರಣ ತಾನಾಗಿಯೇ ತಿಳಿಯುತ್ತದೆ. ಗುಲಾಬಿ, ನಿಂಬೆ ಜಾತಿಯ ಗಿಡಗಳು, ಎಲಚಿ ಮುಂತಾದವಕ್ಕೆ ಕಣ್ಣು ಕಸಿ ಮಾಡುವಾಗ ಬೇರುಗಿಡದ (ಕಣ್ಣನ್ನು ಕೂರಿಸಿಕೊಳ್ಳುವ ಗಿಡದ) ಕಾಂಡದ ಮೇಲೆ ಮೊದಲು ಅಡ್ಡಲಾಗಿ ಒಂದು ಗೀರು, ಅದರ ನಡುವಿನಿಂದ ಕೆಳಕ್ಕೆ ಇನ್ನೊಂದು ಗೀರು ಎಳೆಯುತ್ತೇವೆ. ಈ ಗೀರು ತೊಗಟೆಯಷ್ಟೇ ಆಳಕ್ಕೆ ಇಳಿಯಬೇಕು. ಒಳಗಿನ ಕಟ್ಟಿಗೆಯನ್ನು ಕೊಯ್ಯಬಾರದು. ಆಮೇಲೆ ಚಾಕುವನ್ನು ಬೆರಳುಗಳ ನಡುವೆಯೇ ತಿರುಗಿಸಿ, ಹಿಡಿಯ ಚಪ್ಪಟೆ ತುದಿಯನ್ನು ಗೀರಿನೊಳಕ್ಕೆ ತೂರಿಸಿ, ತೊಗಟೆಯ ಎರಡು ಅಂಚುಗಳನ್ನೂ ಮೆಲ್ಲಗೆ ಎಬ್ಬಿಸಬೇಕು. ರಸವೇರಿದ ಕಾಲವಾದರೆ ತೊಗಟೆ ಬಾಗಿಲ ರೆಕ್ಕೆಗಳು ತೆರೆದುಕೊಳ್ಳುವ ಹಾಗೆ ಎರಡೂ ಕಡೆಗೆ ತೆರೆದುಕೊಳ್ಳುತ್ತದೆ. ಒಳ್ಳೆಯ ತಾಯಿಗಿಡದಿಂದ ಒಂದು ಕಣ್ಣನ್ನು ತೊಗಟೆಯ ಸಣ್ಣ ಚೂರಿನ ಸಮೇತ ತೆಗೆದು, ಆ ಸಂದಿಯೊಳಗೆ ಮೇಲಿನಿಂದ ಕೆಳಕ್ಕೆ ಜಾರಿಸಿ, ಕಣ್ಣನ್ನು ಮಾತ್ರ ಹೊರಗೆ ಬಿಟ್ಟು ಬಿಗಿಯಾಗಿ ಸುತ್ತುತ್ತೇವೆ. ಹಿಂದೆ ಬಾಳೆಯ ನಾರಿನಿಂದ ಕಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಪಟ್ಟಿ ಬಂದಿದೆ.

ಆ ತುದಿಯನ್ನು ಉಕ್ಕಿನಿಂದ ಏಕೆ ಮಾಡಲಿಲ್ಲ ಎಂಬ ಪ್ರಶ್ನೆ ಬರಬಹುದು. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳುವಾದ, ಒದ್ದೆಯಾದ ಪದರವೇ ಕಸಿಯ ಜೀವ. ಹೊಸ ಕೋಶಗಳು ಹುಟ್ಟಿ ಎರಡು ಗಿಡಗಳನ್ನು ಬೆಸೆಯುವುದು ಅಲ್ಲಿಯೇ. ಉಕ್ಕಿನ ಅಂಚು ಎಷ್ಟೇ ಮೊಂಡಾಗಿದ್ದರೂ ಅದನ್ನು ಗೀಚುತ್ತದೆ. ಜೊತೆಗೆ, ತೊಗಟೆಯ ರಸದಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಗುಲಿದರೆ ಜಾಗ ಕಪ್ಪಾಗುತ್ತದೆ. ಮೂಳೆ, ದಂತ, ಕೊಂಬು ಇವು ಗಟ್ಟಿಯಾಗಿದ್ದೂ ನಯವಾಗಿರುವುದರಿಂದ ಆ ಪದರವನ್ನು ಹರಿಯದೆ ಜಾರಿಹೋಗುತ್ತವೆ. ಇವತ್ತಿನ ಕಸಿ ಚಾಕುಗಳಲ್ಲಿ ಅದೇ ಕೆಲಸಕ್ಕೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ನಾಲಗೆ ಇರುತ್ತದೆ.

ಅಲಗು ಒಂದು ಬದಿಗೆ ಚಪ್ಪಟೆಯಾಗಿರುವುದು ಎರಡನೆಯ ಸಾಕ್ಷಿ. ಎರಡೂ ಬದಿ ಮಸೆದ ಅಲಗು ಕೊಯ್ಯುವಾಗ ಅತ್ತಿತ್ತ ಸರಿಯುತ್ತದೆ. ಒಂದೇ ಬದಿ ಮಸೆದದ್ದು ಸಮತಟ್ಟಾದ, ಒಂದೇ ಎಳೆತದ ಕೊಯ್ತವನ್ನು ಕೊಡುತ್ತದೆ. ಕಣ್ಣಿನ ಚೂರು ಕಾಂಡಕ್ಕೆ ಸಂದಿಲ್ಲದೆ ಅಂಟಿ ಕೂರಬೇಕಾದರೆ ಆ ಸಮತಟ್ಟು ಬೇಕೇ ಬೇಕು. ಕಾಗದ ಕೆರೆಯುವವರಿಗೆ ಇಂಥ ಬಾಯಿಯಿಂದ ಯಾವ ಉಪಯೋಗವೂ ಇಲ್ಲ. ಬೆಳೆದ ಕೊಂಬೆ ಸವರುವ ಚಾಕುವಾಗಿದ್ದರೆ ಅಲಗು ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿರುತ್ತಿತ್ತು, ಹಿಡಿಯೂ ಕೈತುಂಬ ದಪ್ಪವಾಗಿರುತ್ತಿತ್ತು.

ಶ್ಯಾನುಭೋಗರ ಮನೆಯಲ್ಲಿ ಇದು ಏಕಿತ್ತು ಎಂದು ಆಶ್ಚರ್ಯಪಡಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ ತೋಟಗಾರಿಕೆಯ ಮೇಲೆ ಆಸ್ಥೆ ಬೆಳೆದ ಕಾಲವದು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ ಬಂದಿದ್ದ ಜರ್ಮನಿಯ ಕ್ರುಂಬಿಗಲ್ ಅವರು 1908ರಿಂದ 1932ರವರೆಗೆ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದರು. ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ರೂಪುಗೊಂಡದ್ದು ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ. ನಮ್ಮ ಗಂಜಾಮಿನ ಅಂಜೂರದ ಹೆಸರು ಅದಕ್ಕೂ ಹಿಂದಿನದು, ಆದರೆ ಅಂಜೂರವನ್ನು ಕಡ್ಡಿ ನೆಟ್ಟೇ ಬೆಳೆಸುವುದರಿಂದ ಅದಕ್ಕೆ ಈ ಚಾಕು ಬೇಕಾಗುತ್ತಿರಲಿಲ್ಲ. ಮಾವಿಗೂ ಆಗ ಹೆಚ್ಚಾಗಿ ಎರಡು ಗಿಡಗಳ ಕೊಂಬೆಗಳನ್ನು ಒತ್ತಟ್ಟಿಗೆ ಕಟ್ಟುವ ಕಸಿಯನ್ನೇ ಮಾಡುತ್ತಿದ್ದರು. ಆದ್ದರಿಂದ ತಾತನವರ ಹಿತ್ತಿಲಿನಲ್ಲಿ ಗುಲಾಬಿಯೋ ನಿಂಬೆ, ಕಿತ್ತಳೆ, ಚಕ್ಕೋತದಂಥ ಗಿಡಗಳೋ ಇದ್ದವೇ ಎಂದು ತಾಯಿಯವರನ್ನು ದಯವಿಟ್ಟು ಕೇಳಿ ನೋಡಿ.

ಉತ್ತರ 3 (ಮೈಸೂರು, ಸರಸ್ವತಿಪುರಂನಿಂದ, ಹಳೆಯ ಉಪಕರಣಗಳನ್ನು ಸಂಗ್ರಹಿಸುವವರು)

ಕೆಲಸದ ಗುರುತನ್ನು ಶ್ರೀರಂಗಪಟ್ಟಣದವರು ಖಚಿತವಾಗಿ ಹೇಳಿದ್ದಾರೆ. ನಾನು ಮುದ್ರೆಗಳ ಬಗ್ಗೆ ಬರೆಯುತ್ತೇನೆ. ಹಳೆಯ ಚಾಕು ಕೈಗೆ ಬಂದಾಗ ಹೆಚ್ಚಿನವರು ಮೊದಲು ಹೆಸರನ್ನು ಹುಡುಕಿ, ಹೆಸರು ಸಿಕ್ಕಿದೊಡನೆ ಬೆಲೆಯನ್ನು ಹುಡುಕುತ್ತಾರೆ. ಹೆಸರನ್ನು ಯಾರು ಬೇಕಾದರೂ ಒತ್ತಬಹುದಾದ್ದರಿಂದ, ವಸ್ತುವಿನ ಕಟ್ಟುವಿಕೆಯನ್ನು ಮೊದಲು ಓದಿ, ಮುದ್ರೆಯನ್ನು ಆಮೇಲೆ ಅದರೊಂದಿಗೆ ತಾಳೆ ನೋಡುವುದೇ ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಒಟ್ಟಿಗಿರುವುದು ಷೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಸಂಸ್ಥೆಯ ಗುರುತು. ಷೆಫೀಲ್ಡಿನಲ್ಲಿ ಚಾಕು ಕತ್ತರಿ ತಯಾರಿಸುವವರಿಗಾಗಿ 1624ರಲ್ಲಿ ಕಾನೂನಿನ ಮೂಲಕವೇ ಒಂದು ಸಂಘ ಸ್ಥಾಪನೆಯಾಗಿತ್ತು. ಯಾರ ಗುರುತು ಯಾವುದು ಎಂಬುದನ್ನು ಅದು ದಾಖಲಿಸಿ ಕಾಪಾಡುತ್ತಿತ್ತು. ರಾಜರ್ಸ್ ಸಂಸ್ಥೆಗೆ 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯಿಂದ ರಾಜಮನೆತನಕ್ಕೆ ಚಾಕು ಒದಗಿಸುವ ಮನ್ನಣೆ ದೊರೆಯಿತು. ಅಂದಿನಿಂದ ಕಿರೀಟವನ್ನೂ, ಆಳುವವರ ಹೆಸರಿನ ಅಕ್ಷರಗಳನ್ನೂ ಅಲಗಿನ ಮೇಲೆ ಒತ್ತುವ ಪದ್ಧತಿ ಬಂತು. ಇವರ ಕಸಿ ಚಾಕುಗಳು ದಂತದ ಹಿಡಿಯಲ್ಲೂ ಮೂಳೆಯ ಹಿಡಿಯಲ್ಲೂ ಬರುತ್ತಿದ್ದವು.

ತಮ್ಮ ಚಾಕುವಿನ ಕಾಲವನ್ನು ನಿರ್ಣಯಿಸಲು ಸವೆದುಹೋದ ಎರಡು ಜಾಗಗಳೇ ಕೀಲಿಕೈ. ಕಿರೀಟದ ಎಡಗಡೆಯ ಅಕ್ಷರ ‘ವಿ’ ಆಗಿದ್ದರೆ ವಿಕ್ಟೋರಿಯಾ ರಾಣಿ, ಅಂದರೆ 1901ರ ಜನವರಿಗಿಂತ ಹಿಂದಿನ ಮುದ್ರೆ. ‘ಇ’ ಆಗಿದ್ದರೆ 1901ರಿಂದ 1910ರವರೆಗೆ ಆಳಿದ ಏಳನೆಯ ಎಡ್ವರ್ಡ್ ಇರಬಹುದು. ‘ಜಿ’ ಆಗಿದ್ದರೆ ಜಾರ್ಜ್. ಐದನೆಯ ಜಾರ್ಜ್ 1910ರಿಂದ 1936ರವರೆಗೂ, ಆರನೆಯ ಜಾರ್ಜ್ 1936ರಿಂದ 1952ರವರೆಗೂ ಆಳಿದರು. ಮೂರಕ್ಷರದ ಪದವನ್ನು ಇದರೊಂದಿಗೆ ತಾಳೆ ನೋಡಬೇಕು: ‘ಹರ್’ ಎಂದಿದ್ದರೆ ರಾಣಿ, ‘ಹಿಸ್’ ಎಂದಿದ್ದರೆ ರಾಜ. ಎರಡೂ ಒಂದಕ್ಕೊಂದು ಹೊಂದಲೇಬೇಕು. ಹೊಂದದಿದ್ದರೆ ಮುದ್ರೆಯನ್ನೇ ಅನುಮಾನಿಸಬೇಕಾಗುತ್ತದೆ.

‘ಇಂಗ್ಲೆಂಡ್’ ಎಂಬ ಪದವೂ ಕಾಲವನ್ನು ಹೇಳುತ್ತದೆ. 1890ರಲ್ಲಿ ಅಮೆರಿಕವು ಜಾರಿಗೆ ತಂದ ಮೆಕಿನ್ಲಿ ಸುಂಕದ ಕಾನೂನು, ಅಲ್ಲಿಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂದು ವಿಧಿಸಿತು. ಬ್ರಿಟನ್ನಿನಲ್ಲಿ 1887ರಲ್ಲೇ ಸರಕು ಗುರುತಿನ ಕಾಯ್ದೆ ಬಂದಿತ್ತು, ಭಾರತದಲ್ಲಿ 1889ರಲ್ಲಿ ಬಂತು. ಹೀಗಾಗಿ ಷೆಫೀಲ್ಡಿನ ಜೊತೆಗೆ ದೇಶದ ಹೆಸರೂ ಇರುವ ಚಾಕುಗಳನ್ನು ಸಾಮಾನ್ಯವಾಗಿ 1891ರ ನಂತರದವೆಂದು ಎಣಿಸುತ್ತಾರೆ. ‘ಜಿ ಆರ್’ ಎಂದು ಕಂಡರೆ ನಾಲ್ಕನೆಯ ಜಾರ್ಜ್ ದೊರೆಯ ಕಾಲಕ್ಕೆ ಹಾರಿಹೋಗದಂತೆ ನಮ್ಮನ್ನು ತಡೆಯುವುದು ಈ ಪದವೇ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ರಾಜರ್ಸ್ ಹೆಸರಿಗಿದ್ದ ಮರ್ಯಾದೆಯ ಕಾರಣ ಅದನ್ನು ಹೋಲುವ ಹೆಸರುಗಳ ಸರಕು ಹೇರಳವಾಗಿ ಬರುತ್ತಿತ್ತು. ಅದೇ ಕುಲನಾಮವಿದ್ದ ಇನ್ನೊಂದು ಸಂಸ್ಥೆಯ ಮೇಲೆ ಇವರು ಹೂಡಿದ ದಾವೆಯಲ್ಲಿ 1924ರಲ್ಲಿ ಬಂದ ತೀರ್ಪು ಇಂದಿಗೂ ವ್ಯಾಪಾರ ಚಿಹ್ನೆಯ ಕಾನೂನು ಓದುವವರಿಗೆ ಪರಿಚಿತವಾದದ್ದು. ಆದ್ದರಿಂದ ‘...ಜರ್ಸ್’ ಎಂಬುದರ ಹಿಂದೆ ಏನಿದೆ, ನಕ್ಷತ್ರಕ್ಕೆ ಆರು ಮೂಲೆಗಳಿವೆಯೇ, ಶಿಲುಬೆಯ ತೋಳುಗಳು ಹೊರಕ್ಕೆ ಅಗಲವಾಗುತ್ತ ಹೋಗುತ್ತವೆಯೇ ಎಂದು ನೋಡಿ ತಿಳಿಸಿ.

ಸವೆದ ಅಕ್ಷರವನ್ನು ಓದಲು ಉಜ್ಜಬೇಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಅಲಗಿನ ಮಟ್ಟಕ್ಕೆ ಇಳಿಸಿ, ಬೆಳಕು ಪಕ್ಕದಿಂದ ಹಾಯುವಂತೆ ಹಿಡಿದು ನಿಧಾನವಾಗಿ ಸುತ್ತಲೂ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ತಗ್ಗು ಒಂದು ಕೋನದಲ್ಲಿ ನೆರಳಾಗಿ ಎದ್ದು ಕಾಣುತ್ತದೆ. ಬೆರಳಿನಿಂದ ಒಂದಿಷ್ಟು ಟಾಲ್ಕಮ್ ಪೌಡರ್ ಸವರಿ, ಮೇಲ್ಮೈಯನ್ನು ಒಣ ಬಟ್ಟೆಯಿಂದ ಒರೆಸಿದರೆ ತಗ್ಗಿನಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಹುಣಸೆಹಣ್ಣು, ನಿಂಬೆರಸ, ಉಪ್ಪುಕಾಗದ ಇವುಗಳಲ್ಲಿ ಯಾವುದನ್ನೂ ಹತ್ತಿರ ತರಬೇಡಿ. ಆಮ್ಲವು ತುಕ್ಕನ್ನು ತಿನ್ನುವಾಗ ಮುದ್ರೆಯ ಅಂಚನ್ನೂ ತಿನ್ನುತ್ತದೆ.

ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೂಳೆಯಾಗಿದ್ದರೆ ಉದ್ದಕ್ಕೂ ಸಣ್ಣ ಕಪ್ಪು ಚುಕ್ಕೆಗಳೂ ಮುರಿದ ಗೆರೆಗಳೂ ಕಾಣುತ್ತವೆ. ಅವು ಪ್ರಾಣಿ ಬದುಕಿದ್ದಾಗ ರಕ್ತ ಹರಿಯುತ್ತಿದ್ದ ಸೂಕ್ಷ್ಮ ನಾಳಗಳು, ಕಾಲಕ್ರಮದಲ್ಲಿ ಕೊಳೆ ತುಂಬಿ ಕಪ್ಪಾಗಿರುತ್ತವೆ. ಆನೆಯ ದಂತದಲ್ಲಿ ಅಂಥ ರಂಧ್ರಗಳಿರುವುದಿಲ್ಲ. ಅಡ್ಡಲಾಗಿ ಕೊಯ್ದ ಮೇಲ್ಮೈಯಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್‌ನಲ್ಲಿ ಗೆರೆಗಳು ಅಳತೆಯಿಟ್ಟು ಎಳೆದಷ್ಟು ಸಮವಾಗಿರುತ್ತವೆ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸೆಲ್ಯುಲಾಯ್ಡ್ ಆಗಿದ್ದರೆ ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು. ದಂತ ಅಥವಾ ಮೂಳೆಯಾಗಿದ್ದರೆ ಆ ಕಲೆ ಶಾಶ್ವತವಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಸರಸ್ವತಿಪುರಂನವರು ಹೇಳಿದಂತೆ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದಾಗ, ಕಿರೀಟದ ಎಡಗಡೆಯ ಅಕ್ಷರದ ಎಡಭಾಗ ದುಂಡಗಿರುವುದೂ, ಬಲಭಾಗದಲ್ಲಿ ಬಾಯಿ ತೆರೆದಿದ್ದು ಕೆಳಗೆ ಒಂದು ಸಣ್ಣ ಅಡ್ಡಗೆರೆ ಇರುವುದೂ ಕಂಡುಬಂದವು. ಅದು ‘ವಿ’ಯೂ ಅಲ್ಲ, ‘ಇ’ಯೂ ಅಲ್ಲ, ‘ಜಿ’ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮೂರಕ್ಷರದ ಪದದ ನಡುವೆ ಒಂಟಿ ನೆಟ್ಟಗೆರೆಯಿದೆ, ಕೊನೆಯಲ್ಲಿ ಬಳುಕಿದ ಅಕ್ಷರವಿದೆ, ಆದ್ದರಿಂದ ಅದು ‘ಹಿಸ್’. ಇನ್ನೊಂದು ಬದಿಯಲ್ಲಿ ಪೌಡರ್ ಹಾಕಿದ ಮೇಲೆ ‘ಜೋಸೆಫ್’ನ ಕೊನೆಯ ಮೂರು ಅಕ್ಷರಗಳು ಮೂಡಿದವು. ನಕ್ಷತ್ರಕ್ಕೆ ಆರು ಮೂಲೆಗಳಿವೆ, ಶಿಲುಬೆಯ ತೋಳುಗಳು ಹೊರಕ್ಕೆ ಅಗಲವಾಗಿವೆ.

ಹಿಡಿಯ ಎರಡು ಬದಿಯಲ್ಲೂ, ಮುಖ್ಯವಾಗಿ ನಾಲಗೆಯ ಭಾಗದಲ್ಲಿ, ಉದ್ದಕ್ಕೆ ಸಣ್ಣ ಕಂದು ಚುಕ್ಕೆಗಳೂ ತುಂಡು ಗೆರೆಗಳೂ ಇವೆ. ನಾಲಗೆಯ ಒಂದು ಅಂಚು ಇನ್ನೊಂದಕ್ಕಿಂತ ಹೆಚ್ಚು ಸವೆದು ಓರೆಯಾಗಿದೆ. ಇದನ್ನು ನಾನು ಮೊದಲು ಗಮನಿಸಿರಲಿಲ್ಲ.

ತಾಯಿಯವರನ್ನು ಕೇಳಿದೆ. ಹಿತ್ತಿಲಿನಲ್ಲಿ ಗುಲಾಬಿಯ ಸಾಲೂ ಎರಡು ಬಗೆಯ ಕಿತ್ತಳೆಯೂ ಇದ್ದವೆಂದೂ, ಕಚೇರಿಯ ಲೆಕ್ಕ ಮುಗಿದ ಮೇಲೆ ತಾತ ಗಿಡಗಳ ಬಳಿಯೇ ಕೂತಿರುತ್ತಿದ್ದರೆಂದೂ, ನೆಂಟರು ಬಂದಾಗ ಬಾಳೆನಾರು ಸುತ್ತಿದ ಸಸಿಗಳನ್ನು ಕೊಟ್ಟು ಕಳಿಸುತ್ತಿದ್ದರೆಂದೂ ಹೇಳಿದರು. ಸ್ವಾತಂತ್ರ್ಯ ಬರುವ ಮೊದಲೇ, ತಾವು ಚಿಕ್ಕವರಿದ್ದಾಗ, ಈ ಚಾಕುವನ್ನು ಮುಟ್ಟಿದ್ದಕ್ಕೆ ಬೈಸಿಕೊಂಡ ನೆನಪು ಅವರಿಗೆ ಚೆನ್ನಾಗಿದೆ. ಚಾಕು ಎಲ್ಲಿಂದ ಬಂತೆಂಬುದು ಅವರಿಗೂ ತಿಳಿಯದು.

ಇನ್ನು ಎರಡೇ ಪ್ರಶ್ನೆಗಳು ಉಳಿದಿವೆ. ಇದನ್ನು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಏನಾದರೂ ಇದೆಯೇ? ನನ್ನ ಮಗಳಿಗೆ ಗುಲಾಬಿ ಬೆಳೆಸುವ ಆಸಕ್ತಿಯಿದೆ. ಇದನ್ನು ಮತ್ತೆ ಕೆಲಸಕ್ಕೆ ಬಳಸಬಹುದೇ?

ಉತ್ತರ 3ರವರಿಂದ ಮತ್ತೆ

ತಾವು ಬಹಳ ಚೆನ್ನಾಗಿ ನೋಡಿದ್ದೀರಿ. ‘ಜಿ ಆರ್’, ‘ಹಿಸ್ ಮೆಜೆಸ್ಟಿ’, ‘ಇಂಗ್ಲೆಂಡ್’ ಈ ಮೂರೂ ಒಂದಕ್ಕೊಂದು ಹೊಂದುತ್ತವೆ. ಆದ್ದರಿಂದ ಚಾಕು ಐದನೆಯ ಜಾರ್ಜ್ ಪಟ್ಟಕ್ಕೆ ಬಂದ 1910ರ ನಂತರದ್ದು. ಮುದ್ರೆಯೊಂದನ್ನೇ ನಂಬಿದರೆ ಮೇಲಿನ ಗಡಿ 1952ರವರೆಗೂ ಹೋಗುತ್ತದೆ. ತಾಯಿಯವರ ನೆನಪು ಅದನ್ನು 1947ಕ್ಕಿಂತ ಹಿಂದಕ್ಕೆ ತರುತ್ತದೆ. ಅದಕ್ಕಿಂತ ಕಿರಿದಾಗಿ ಯಾರಾದರೂ ವರ್ಷ ಹೇಳಿದರೆ ಅದು ಊಹೆ. ತುಕ್ಕು ಹಿಡಿಯುವ ಉಕ್ಕು ಎಂಬ ಕಾರಣಕ್ಕೆ 1913ಕ್ಕಿಂತ ಹಿಂದಿನದೆಂದು ಕೆಲವರು ವಾದಿಸುವುದುಂಟು, ಏಕೆಂದರೆ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು ಆ ವರ್ಷ. ಈ ವಾದ ನಿಲ್ಲುವುದಿಲ್ಲ. ಹರಿತಕ್ಕಾಗಿ ಹಳೆಯ ಬಗೆಯ ಉಕ್ಕನ್ನೇ ಕಸಿ ಚಾಕುಗಳಿಗೆ ಬಹಳ ಕಾಲ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ.

ತಾವು ಹೇಳಿದ ಚುಕ್ಕೆಗಳು ಮತ್ತು ತುಂಡು ಗೆರೆಗಳು ಮೂಳೆಯ ಲಕ್ಷಣಗಳು. ದಂತವಾಗಿದ್ದರೆ ವಿಷಯ ಗಂಭೀರವಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ಮಾರಾಟಕ್ಕೆ ಅವಕಾಶವಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲೂ ಮಾಲೀಕತ್ವದ ಪ್ರಮಾಣಪತ್ರ ಬೇಕಾಗುತ್ತದೆ. ಷೆಫೀಲ್ಡಿನ ಚಾಕುಗಳಿಗೆ ಸಾಮಾನ್ಯವಾಗಿದ್ದದ್ದು ದನದ ಮೂಳೆ, ಅದಕ್ಕೆ ಈ ಕಟ್ಟುಪಾಡು ಇಲ್ಲ. ಆದರೂ ದಂತವೆಂದು ಹೇಳಿದ ನೆರೆಯವರ ಮಾತು ಊರೆಲ್ಲ ಹರಡುವ ಮುನ್ನ, ಪ್ರಾಣಿಶಾಸ್ತ್ರ ಬಲ್ಲ ಯಾರಿಗಾದರೂ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ನೋಡಿಕೊಳ್ಳುವ ಬಗ್ಗೆ: ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟು, ನಿಧಾನವಾಗಿ ತೆರೆದು ಮುಚ್ಚಿ, ಹೊರಬಂದ ಕಪ್ಪನ್ನು ಒರೆಸಿ. ಅಡುಗೆಯ ಎಣ್ಣೆ ಬೇಡ, ಅದು ಕ್ರಮೇಣ 
ಅಂಟಾಗುತ್ತದೆ. ಹಿಡಿಯನ್ನು ನೀರಿನಲ್ಲಿ ನೆನೆಸಬೇಡಿ, ಬಿಸಿಲಿಗೂ ಇಡಬೇಡಿ, ಮೂಳೆ ಸೀಳುತ್ತದೆ. ಅಲಗಿನ ಬೂದು ಬಣ್ಣ ಅದರ ವಯಸ್ಸಿನದು, ಅದನ್ನು ಹಾಗೆಯೇ ಬಿಡಬೇಕು. ಕೆಂಪು ತುಕ್ಕು ಎಲ್ಲಾದರೂ ಇದ್ದರೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಅಷ್ಟು ಜಾಗವನ್ನು ಮಾತ್ರ ಒರೆಸಿ.

ಉತ್ತರ 2ರವರಿಂದ ಮತ್ತೆ

ನಾಲಗೆಯ ಒಂದೇ ಅಂಚು ಸವೆದಿರುವುದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಬಲಗೈಯಲ್ಲಿ ತೊಗಟೆ ಎಬ್ಬಿಸುವವರು ಯಾವಾಗಲೂ ಒಂದೇ ಕಡೆಯಿಂದ ಒತ್ತುವುದರಿಂದ ಹಾಗಾಗುತ್ತದೆ; ನನ್ನ ಸ್ವಂತ ಚಾಕುವಿನ ಪ್ಲಾಸ್ಟಿಕ್ ನಾಲಗೆಯೂ ಅದೇ ರೀತಿ ಓರೆಯಾಗಿದೆ. ಅಷ್ಟು ಸವೆಯಬೇಕಾದರೆ ತಾತನವರು ಅದನ್ನು ಟ್ರಂಕಿನಲ್ಲಿಟ್ಟು ಮೆರೆಸಿದವರಲ್ಲ, ವರ್ಷಗಟ್ಟಲೆ ದುಡಿಸಿದವರು.

ಮಗಳಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಸ್ಪ್ರಿಂಗ್ ಬಿಗಿಯಾಗಿದ್ದು, ತೆರೆದ ಅಲಗು ಅತ್ತಿತ್ತ ಅಲುಗದಿದ್ದರೆ ಖಂಡಿತವಾಗಿಯೂ ಬಳಸಬಹುದು. ಆದರೆ ಕಲಿಯುವ ಕೈಗೆ ಮೊದಲು ಇದನ್ನು ಕೊಡಬೇಡಿ. ಕಸಿ ಚಾಕು ಈಗಲೂ ಕಡಿಮೆ ಬೆಲೆಗೆ ಸಿಗುತ್ತದೆ, ಮೊದಲ ಗೀರುಗಳನ್ನು ಅದರಲ್ಲಿ ಕಲಿಯಲಿ. ಇದನ್ನು ಮಸೆಯುವಾಗ ಸಾಣೆಯ ಚಕ್ರಕ್ಕೆ ಎಂದಿಗೂ ಒಡ್ಡಬಾರದು. ಚಕ್ರದ ಬಿಸಿಗೆ ಉಕ್ಕಿನ ಹದ ಹೋಗುತ್ತದೆ, ಒಮ್ಮೆ ಹೋದರೆ ಬಾಯಿ ನಿಲ್ಲುವುದಿಲ್ಲ. ನುಣ್ಣನೆಯ ಮಸೆಗಲ್ಲಿನ ಮೇಲೆ ಎಣ್ಣೆಯೋ ನೀರೋ ಹಾಕಿ, ಇಳಿಜಾರಿನ ಬದಿಯನ್ನು ಮಾತ್ರ ಮಸೆದು, ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಅಂಟಿಸಿ ಒಂದೆರಡು ಸಲ ಎಳೆದರೆ ಸಾಕು. ನೀರು ಬಳಸಿದರೆ ಹಿಡಿಯ ಮೂಳೆಗೆ ತಾಗದಂತೆ ನೋಡಿಕೊಳ್ಳಿ.

ಕೆಲಸವಾದ ಮೇಲೆ ಗಿಡದ ರಸವನ್ನು ಅಲಗಿನ ಮೇಲೆ ಒಣಗಲು ಬಿಡದೆ ಒರೆಸಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ಕಪ್ಪು ಕಲೆ ಕೂತಿರುತ್ತದೆ. ಗುಲಾಬಿಗೆ ಕಣ್ಣು ಹಾಕಲು ತೊಗಟೆ ಸಲೀಸಾಗಿ ಬಿಡುವ ಕಾಲ ಬೇಕು. ಬೇರುಗಿಡಕ್ಕೆ ಕೆಲವು ದಿನ ಮುಂಚಿತವಾಗಿ ಚೆನ್ನಾಗಿ ನೀರುಣಿಸಿ, ನಾಲಗೆಯ ತುದಿಯಿಂದ ಒಂದು ಕಡೆ ಎಬ್ಬಿಸಿ ನೋಡಲಿ; ತೊಗಟೆ ಹರಿಯದೆ ಎದ್ದರೆ ಕಸಿ ಕಟ್ಟಬಹುದು, ಕಟ್ಟಿಗೆಗೆ ಅಂಟಿಕೊಂಡೇ ಇದ್ದರೆ ಇನ್ನೂ ಒಂದು ವಾರ ಕಾಯಬೇಕು.